ಕಿಲೋಗೆ 83 ಬೂತಾಯಿ: ಕಡಲ ವಿಜ್ಞಾನ ನಮ್ಮ ದಕ್ಕೆಗೆ, ನಮ್ಮ ಶಾಲೆಗೆ ಬರುವುದು ಯಾವಾಗ?

ಕಡಲಕರೆ ಟೀಚರ್ · ಸೋಮವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಉಡುಪಿ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಶಾಲೆಯ ಹಿಂದಿನ ಗೇಟು ದಾಟಿದರೆ ತೆಂಗಿನ ತೋಟ, ತೋಟ ದಾಟಿದರೆ ಹೊಯಿಗೆ, ಹೊಯಿಗೆ ದಾಟಿದರೆ ಕಡಲು. ನನ್ನ ಕ್ಲಾಸಿನ 34 ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಮನೆಯ ಒಲೆ ಉರಿಯುವುದು ಮೀನಿನ ದುಡ್ಡಿನಿಂದ.

ಕಳೆದ ವಾರ ಆಹಾರ ಸರಪಳಿಯ ಪಾಠ ಇತ್ತು. ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಅಂತ ಬೋರ್ಡಿನಲ್ಲಿ ಬರೆದು ಮುಗಿಸಿದ್ದೆ. ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಟೀಚರ್, ಬೂತಾಯಿ ಎಂತ ತಿಂತದೆ?" (ಬೂತಾಯಿ ಅಂದರೆ ನಮ್ಮ ಕಡಲಿನ ಸಣ್ಣ ಮೀನು, ಸಾರ್ಡಿನ್.) ಪ್ಲಾಂಕ್ಟನ್ ಅಂದೆ. "ಅಂದ್ರೆ ಎಂತ?" ಕಣ್ಣಿಗೆ ಕಾಣದ ಸಣ್ಣ ಜೀವಿ ಅಂದೆ. ಅದು ಎಲ್ಲಿಂದ ಬರ್ತದೆ, ಮಳೆಗಾಲ ಮುಗಿಯುವಾಗಲೇ ಬೂತಾಯಿ ಯಾಕೆ ಬರ್ತದೆ, ಕೆಲವು ವರ್ಷ ಯಾಕೆ ಬರುವುದೇ ಇಲ್ಲ... ಐದು ನಿಮಿಷದಲ್ಲಿ ನನ್ನ ಬಂಡವಾಳ ಮುಗಿಯಿತು.

ಮರುದಿನ ಒಂದು ಕಿಲೋ ಬೂತಾಯಿ ತಂದು ಲ್ಯಾಬಿನ ಮೇಜಿನ ಮೇಲೆ ಸುರಿದೆ. ಮಕ್ಕಳು ಎಣಿಸಿದರು, 83 ಇತ್ತು. ಸ್ಕೇಲಿನಲ್ಲಿ ಅಳೆದರು. ಹೆಚ್ಚಿನವು 10ರಿಂದ 12 ಸೆಂ.ಮೀ. ಒಬ್ಬ ಹುಡುಗ ಕೇಳಿದ: "ಇದು ಮರಿಯಾ ಟೀಚರ್? ಮರಿ ಆದ್ರೆ ಹಿಡೀಬಾರ್ದಿತ್ತಾ? ಅಪ್ಪನಿಗೆ ಹೇಳ್ಬೇಕಾ?" ಅವನ ಅಪ್ಪ ಬೋಟಿಗೆ ಹೋಗುವವರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ನನ್ನ ಪ್ರಶ್ನೆ ಎರಡು. ಆ ಹುಡುಗನಿಗೆ ಸರಿಯಾದ ಉತ್ತರ ಏನು? ಮತ್ತೆ, ಕಡಲಿನ ಬಗ್ಗೆ ಇಷ್ಟೆಲ್ಲ ಸಂಶೋಧನೆ ನಡೆಯುತ್ತದಂತಲ್ಲ, ಅದರಲ್ಲಿ ಒಂದು ತುಣುಕಾದರೂ ಕಡಲಿಗೆ ಬೆನ್ನು ಹಾಕಿ ಕಟ್ಟಿದ ನಮ್ಮ ಶಾಲೆಯೊಳಗೆ ಬರುವುದು ಹೇಗೆ?

(ಅಳೆದ ಮೀನು ಏನಾಯಿತು ಅಂತ ಕೇಳಬೇಡಿ. ಬಿಸಿಯೂಟದ ಕೋಣೆಗೆ ಹೋಗುವ ಹಾಗಿಲ್ಲ. ನಮ್ಮ ಮನೆಗೆ ಬಂತು.)

ಪರ್ಸೀನ್ ತಾಂಡೇಲ · ಸೋಮವಾರ ರಾತ್ರಿ 10:25

ಟೀಚರ್, ನಾನು ಬೋಟಿಗೆ ಹೋಗ್ಲಿಕ್ಕೆ ಶುರು ಮಾಡಿ 22 ವರ್ಷ ಆಯ್ತು, ಒಂಬತ್ತು ವರ್ಷದಿಂದ ತಾಂಡೇಲ, ಅಂದರೆ ಬೋಟಿನ ಮುಖ್ಯಸ್ಥ. ನಮ್ಮದು ಪರ್ಸೀನ್, ಮೀನಿನ ಗುಂಪಿಗೆ ಸುತ್ತು ಹಾಕುವ ಬಲೆ. ನಿಮ್ಮ ಹುಡುಗ ಕೇಳಿದ್ದನ್ನು ನನ್ನ ಮಗಳೂ ಕೇಳಿದ್ದಾಳೆ.

ಬಲೆ ಬಿಡುವಾಗ ಮರಿಯಾ ದೊಡ್ಡದಾ ಗೊತ್ತಾಗುವುದಿಲ್ಲ ಮಾರಾಯ್ರೆ. ನೀರಿನ ಬಣ್ಣ ಕಾಣ್ತದೆ, ಹಕ್ಕಿ ಕಾಣ್ತದೆ, ಈಗ ಮೀನು ಹುಡುಕುವ ಮೆಷಿನ್‌ನಲ್ಲಿ ಕೆಂಪು ಮೋಡದ ಹಾಗೆ ಕಾಣ್ತದೆ. ಸುತ್ತು ಹಾಕಿ, ಅಡಿಯ ಹಗ್ಗ ಎಳೆದು, ಬಲೆ ಬೋಟಿನ ಬದಿಗೆ ಬಂದ ಮೇಲೆ ಗಾತ್ರ ಗೊತ್ತಾಗುವುದು. ಅಷ್ಟೊತ್ತಿಗೆ ಒಂದಕ್ಕೊಂದು ಒತ್ತಿ ಸುಮಾರು ಸತ್ತಿರ್ತದೆ. ಬಿಟ್ಟರೆ ಹೆಣ ಬಿಟ್ಟ ಹಾಗೆ. ಡೀಸೆಲ್ ಸುಟ್ಟಾಯ್ತು, ಮೂವತ್ತು ಜನರ ಪಾಲು ಉಂಟು. ತಂದರೆ ಫಿಶ್‌ಮೀಲ್‌ನವರು ತಗೊಳ್ತಾರೆ. ಮೀನು ಪುಡಿ ಮಾಡುವ ಅವರಿಗೆ ಸಣ್ಣದೂ ಒಂದೇ ದೊಡ್ಡದೂ ಒಂದೇ.

ಇನ್ನು ಸಂಶೋಧನೆ. ನಾಲ್ಕು ವರ್ಷದ ಹಿಂದೆ ಇಬ್ಬರು ಬಂದರು, ಎಲ್ಲಿಂದ ಅಂತ ಹೇಳುವುದು ಬೇಡ. ಒಳ್ಳೆ ಮಕ್ಕಳೇ. ಒಂದು ತಿಂಗಳು ನಮ್ಮ ಬೋಟಿನ ಮೀನು ಅಳೆದರು, ಹೊಟ್ಟೆ ಕೊಯ್ದು ನೋಡಿದರು, ಎಲ್ಲಿ ಹಿಡಿದದ್ದು, ಎಷ್ಟು ಮಾರು ಆಳ, ಎಲ್ಲ ಬರ್ಕೊಂಡರು. ಚಾ ಕುಡ್ಸಿದ್ದೇವೆ. ಹೋದವರು ಹೋದರು. ನಮ್ಮ ಮೀನಿನ ಹೊಟ್ಟೆಯಲ್ಲಿ ಎಂತ ಇತ್ತು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ.

ಪ್ಲಾಂಕ್ಟನ್ ಹುಡುಗಿ · ಮಂಗಳವಾರ ಬೆಳಿಗ್ಗೆ 7:50

ತಾಂಡೇಲಣ್ಣಾ, ಕೊನೆಯ ಸಾಲು ಓದಿ ನನಗೇ ನಾಚಿಕೆ ಆಯಿತು. ಆ ಇಬ್ಬರು ನಾನಲ್ಲ, ಆದರೆ ನಾನೂ ಹೀಗೇ ಅಳೆದು ಹೋದವಳೇ. ಮಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮ ಬರಹ ಎಲ್ಲ ಇಂಗ್ಲಿಷಿನಲ್ಲಿ, ಅದೂ ದುಡ್ಡು ಕೊಟ್ಟು ಓದಬೇಕಾದ ಪತ್ರಿಕೆಗಳಲ್ಲಿ.

ಟೀಚರ್, ನಿಮ್ಮ ಹುಡುಗಿಯ ಪ್ರಶ್ನೆ ಮೊದಲು. ಬೂತಾಯಿಗೆ ಪ್ರಿಯವಾದದ್ದು ಡಯಾಟಮ್. ಗಾಜಿನಂಥ ಚಿಪ್ಪಿರುವ ಒಂದೇ ಕೋಶದ ಸಸ್ಯ, ಸಮುದ್ರದ ಹುಲ್ಲು ಅಂದುಕೊಳ್ಳಿ. ನಿಮ್ಮ ಬೋರ್ಡಿನ ಹುಲ್ಲಿನ ಜಾಗದಲ್ಲಿ ಡಯಾಟಮ್ ಬರೆಯಿರಿ. ಬೂತಾಯಿ ಅದನ್ನು ನೇರವಾಗಿ ಸೋಸಿ ತಿನ್ನುತ್ತದೆ, ನಡುವೆ ಮಿಡತೆ, ಕಪ್ಪೆ ಬೇಕಿಲ್ಲ. ಅದಕ್ಕೇ ಅಷ್ಟು ರಾಶಿ ರಾಶಿ ಆಗುವುದು. ಇನ್ನು ಅಂಜಲ್, ಡಾಲ್ಫಿನ್, ನಾವು, ಎಲ್ಲ ಅದರ ಮೇಲಿನವರು.

ಈ ಹುಲ್ಲು ಬೆಳೆಯುವುದು ಯಾಕೆ ಮಳೆಗಾಲದಲ್ಲಿ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಗುಂಟ ಗಾಳಿ ಸ್ವಲ್ಪ ಉತ್ತರದಿಂದ ದಕ್ಷಿಣದ ಕಡೆ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ ಮೇಲಿನ ನೀರು ಗಾಳಿ ಹೋದ ಕಡೆಗೇ ಹೋಗುವುದಿಲ್ಲ, ಅದರ ಬಲಕ್ಕೆ ಸರಿಯುತ್ತದೆ. ಬಲಕ್ಕೆ ಅಂದರೆ ಪಡುವಣಕ್ಕೆ, ದಡದಿಂದ ದೂರ. ಖಾಲಿಯಾದ ಜಾಗಕ್ಕೆ ಅಡಿಯ ತಣ್ಣೀರು ಏರಿ ಬರುತ್ತದೆ, ತಳದಲ್ಲಿ ಕೊಳೆತ ಗೊಬ್ಬರವನ್ನೆಲ್ಲ ಹೊತ್ತು. ಬಿಸಿಲು ಬಿದ್ದ ಕೂಡಲೇ ಡಯಾಟಮ್ ಉಕ್ಕುತ್ತದೆ. ಗದ್ದೆಗೆ ಗೊಬ್ಬರ ಹಾಕಿದ ಹಾಗೆ, ಆದರೆ ಗೊಬ್ಬರ ಹಾಕುವುದು ಗಾಳಿ.

ಆದರೆ ಅದೇ ತಣ್ಣೀರಿನಲ್ಲಿ ಉಸಿರಾಡಲು ಆಕ್ಸಿಜನ್ ಕಡಿಮೆ. ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ತಳದ ನೀರು ಬಹುತೇಕ ಉಸಿರುಗಟ್ಟುವ ಮಟ್ಟಕ್ಕೆ ಬರುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಕಾಂಡೋಲಿಮ್ ಎದುರಿನ ಒಂದೇ ಜಾಗಕ್ಕೆ 1997ರಿಂದ ಮತ್ತೆ ಮತ್ತೆ ಹೋಗಿ ಇದನ್ನು ಅಳೆಯುತ್ತಾ ಬಂದಿದ್ದಾರೆ. ನನ್ನ ಮಟ್ಟಿಗೆ ಸಮುದ್ರ ವಿಜ್ಞಾನದ ದೊಡ್ಡ ಸಾಹಸ ಅಂದರೆ ಇಂಥದ್ದು. ಒಂದೇ ಜಾಗ, ಒಂದೇ ಕೆಲಸ, ವರ್ಷಾನುಗಟ್ಟಲೆ.

ಇನ್ನು ಮರಿಯ ವಿಷಯ. ಬೂತಾಯಿ ಮೊಟ್ಟೆ ಇಡುವಷ್ಟು ಬೆಳೆಯುವುದು ಸುಮಾರು 15 ಸೆಂ.ಮೀ. ಆದಾಗ, ಅದಕ್ಕೆ ಹೆಚ್ಚು ಕಡಿಮೆ ಒಂದು ವರ್ಷ ಬೇಕು. ಅಂದರೆ ನಿಮ್ಮ ಮೇಜಿನ ಮೇಲಿದ್ದದ್ದು ಮರಿಗಳೇ. ಕೇರಳದಲ್ಲಿ ಕನಿಷ್ಠ ಗಾತ್ರದ ಕಾನೂನು ಇದೆ. ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14. ಆ ಲೆಕ್ಕದಲ್ಲಿ ನಿಮ್ಮ ಹೆಚ್ಚಿನ ಮೀನು ಪಾಸ್. ಕಾನೂನಿನ ಮರಿ ಬೇರೆ, ಜೀವಶಾಸ್ತ್ರದ ಮರಿ ಬೇರೆ!

ಒಂದು ಸಣ್ಣ ಪ್ರಶ್ನೆ ಟೀಚರ್: ಮಕ್ಕಳು ಎಲ್ಲಿಂದ ಎಲ್ಲಿಗೆ ಅಳೆದರು?

ಬಿಸಿಲೂರ ಹುಡುಗ · ಮಂಗಳವಾರ ಬೆಳಿಗ್ಗೆ 11:05

ನಂದು ಶಹಾಬಾದ್ ಬಾಜೂಕಿನ ಊರ್ರಿ. ಪಿಯುಸಿ ಎರಡನೇ ವರ್ಷ ಸೈನ್ಸ್ ಓದ್ಲಿಕತ್ತೀನಿ. ಸಮುದ್ರ ನೋಡಿದ್ದು ಒಂದೇ ಸಲ, ಗೋಕರ್ಣದಾಗ. ಆದ್ರ ಅವತ್ತಿಂದ ತಲ್ಯಾಗ ಕುಂತದ. ಸಮುದ್ರ ವಿಜ್ಞಾನ ಓದಬೇಕಂದ್ರ ಎಲ್ಲಿ ಹೋಗಬೇಕ್ರಿ? ಮನ್ಯಾಗ ಕೇಳಿದ್ರ "ನಮಗೂ ಸಮುದ್ರಕ್ಕೂ ಏನ್ ಸಂಬಂಧ" ಅಂತಾರ.

ನಿವೃತ್ತ ನೌಕರ · ಮಂಗಳವಾರ ಮಧ್ಯಾಹ್ನ 12:30

ತಮ್ಮಾ, ನಿಮ್ಮ ಮನೆಯವರಿಗೆ ಅಂಗಳದ ಹಾಸುಗಲ್ಲು ತೋರಿಸು. ಶಹಾಬಾದ್ ಕಲ್ಲು ಅಂದರೆ ಭೀಮಾ ತೀರದ ಸುಣ್ಣಕಲ್ಲು. ಕೋಟಿಗಟ್ಟಲೆ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರು ಅದು. ನೀನು ದಿನಾ ಸಮುದ್ರದ ಮೇಲೇ ನಡೆದಾಡುತ್ತಿದ್ದೀ. ಮೇಲಾಗಿ ನಿಮ್ಮ ತೊಗರಿಗೆ ಬೀಳುವ ಮಳೆಯೂ ಕಡಲಿನಿಂದ ಎದ್ದು ಬಂದದ್ದೇ.

ಓದುವ ವಿಷಯ: ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು. ಈಗ ಬೀದರದ ವಿಶ್ವವಿದ್ಯಾಲಯದ ಕೆಳಗೆ ಇದೆ, ನಾಲ್ಕು ವರ್ಷದ ಬಿ.ಎಫ್.ಎಸ್ಸಿ., ಸಿಇಟಿ ಮೂಲಕ ಸೀಟು. ಬಯಾಲಜಿ ಬಿಡಬೇಡ. ಡಿಗ್ರಿ ಆದ ಮೇಲಾದರೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಇದೆ. ಕಾಳಿ ನದಿ ಕಡಲು ಸೇರುವ ಜಾಗ ಹತ್ತಿರದಲ್ಲೇ, ಅದಕ್ಕಿಂತ ಒಳ್ಳೆಯ ಲ್ಯಾಬ್ ಯಾವುದಿದೆ? ಎಂಜಿನಿಯರಿಂಗ್ ಕಡೆ ಮನಸ್ಸಿದ್ದರೆ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಸಾಗರ ಎಂಜಿನಿಯರಿಂಗ್. ಹೊರಗೆ ಹೋಗುವುದಾದರೆ ಗೋವಾ, ಕೊಚ್ಚಿ.

ಬಿಸಿಲೂರ ಹುಡುಗ · ಮಂಗಳವಾರ ಮಧ್ಯಾಹ್ನ 12:41

ಹಾಸುಗಲ್ಲಿನ ಫೋಟೋ ತಗದು ಅಪ್ಪಗ ತೋರಿಸಿದೆ ಸರ್. "ಹಂಗಾದ್ರ ಇಲ್ಲೇ ಓದು" ಅಂದ್ರು.

ಆಳಕ್ಕಿಳಿದವ · ಮಂಗಳವಾರ ಸಂಜೆ 6:15

ಬೆಂಗಳೂರಿನಿಂದ. ಎಲ್ಲರೂ ಬರೀ ಮೀನಿನ ಬಗ್ಗೆ ಮಾತಾಡ್ತಿದ್ದೀರ, ಸ್ವಲ್ಪ ದೊಡ್ಡ ಚಿತ್ರಾನೂ ನೋಡೋಣ. 2021ರಲ್ಲಿ ಕೇಂದ್ರ ಸರ್ಕಾರ ಡೀಪ್ ಓಷನ್ ಮಿಷನ್‌ಗೆ ಒಪ್ಪಿಗೆ ಕೊಡ್ತು, ಐದು ವರ್ಷಕ್ಕೆ 4,077 ಕೋಟಿ ರೂ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಮತ್ಸ್ಯ 6000 ಅನ್ನೋ ಜಲಾಂತರ್ಗಾಮಿ ವಾಹನ ಕಟ್ತಿದ್ದಾರೆ. ಮೂರು ಜನ ಕೂರೋ ಟೈಟಾನಿಯಂ ಗೋಳ, ಒಳ ಅಳತೆ 2.1 ಮೀಟರ್, ಗೋಡೆ 80 ಮಿ.ಮೀ. ದಪ್ಪ. 6,000 ಮೀಟರ್ ಆಳದಲ್ಲಿ ನೀರಿನ ಒತ್ತಡ ಮೇಲಿನದರ ಸುಮಾರು 600 ಪಟ್ಟು. ಮಧ್ಯ ಹಿಂದೂ ಮಹಾಸಾಗರದ ತಳದಲ್ಲಿ ಆಲೂಗಡ್ಡೆ ಥರ ಬಿದ್ದಿರೋ ಲೋಹದ ಗಂಟುಗಳಿವೆ, ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್. 1981ರ ಜನವರಿ 26ರಂದು ನಮ್ಮ ಗವೇಷಣಿ ಹಡಗು ಮೊದಲ ಸಲ ಇಂಥ ಗಂಟನ್ನ ಅರಬ್ಬೀ ಸಮುದ್ರದಿಂದ ಮೇಲೆತ್ತಿತ್ತು. ಈಗ 75,000 ಚದರ ಕಿ.ಮೀ. ಜಾಗದ ಶೋಧನೆ ಹಕ್ಕು ನಮ್ಮ ದೇಶದ್ದು. ಮಕ್ಕಳಿಗೆ ಹೇಳ್ಬೇಕಾದ್ದು ಇದು ಮೇಡಂ, ರೋಮಾಂಚನ ಆಗುತ್ತೆ.

ಪರ್ಸೀನ್ ತಾಂಡೇಲ · ಮಂಗಳವಾರ ರಾತ್ರಿ 9:55

6,000 ಮೀಟರ್ ಅಡಿಗೆ ಹೋಗುವುದು ಒಳ್ಳೇದೇ ಸಾರ್, ಹೆಮ್ಮೆಯೇ. 30 ಮೀಟರ್ ಅಡಿಯಲ್ಲಿ ಎಂತ ಆಗ್ತಾ ಉಂಟು ಅಂತಲೂ ಯಾರಾದರೂ ನೋಡಿ ಹೇಳಲಿ.

ಪ್ಲಾಂಕ್ಟನ್ ತಂಗಿ, ನೀವು ತಣ್ಣೀರು ಅಂದಿರಿ ಅಲ್ವಾ? ಅದು ನಮಗೆ ಗೊತ್ತುಂಟು. ಋತು ಶುರುವಾದ ಹೊಸತರಲ್ಲಿ ಬಲೆಯ ಅಡಿಭಾಗ ಮೇಲೆ ಬರುವಾಗ ಹಗ್ಗ ಹಿಡಿದ ಕೈಗೆ ಫ್ರಿಜ್ಜಿನ ಬಾಗಿಲು ತೆಗೆದ ಹಾಗೆ ಆಗ್ತದೆ. ನನ್ನ ಅಪ್ಪ ಹೇಳ್ತಿದ್ದರು, ಅಡಿನೀರು ತಂಪಾದರೆ ಮೀನು ಮೇಲೆ ಅಂತ. ಅದು ಉಸಿರು ಕಟ್ಟಿ ಮೇಲೆ ಬರುವುದಾ? ಇಷ್ಟು ವರ್ಷ ನಾನು ಚಳಿ ತಡೀಲಿಕ್ಕಾಗದೆ ಬರುವುದು ಅಂತ ತಿಳ್ಕೊಂಡಿದ್ದೆ.

ಪ್ಲಾಂಕ್ಟನ್ ಹುಡುಗಿ · ಮಂಗಳವಾರ ರಾತ್ರಿ 10:20

ಎರಡೂ ಇರಬಹುದು ಅಣ್ಣ, ಒಂದೊಂದು ಜಾತಿಗೆ ಒಂದೊಂದು. ಆದರೆ ನಿಮ್ಮ ಅಪ್ಪ ಹೇಳಿದ್ದನ್ನು ನಾವು ಥರ್ಮಾಮೀಟರ್ ಇಳಿಸಿ ಹೇಳುತ್ತೇವೆ, ಅಷ್ಟೇ ವ್ಯತ್ಯಾಸ. ನೀವು ಅನುಮತಿ ಕೊಟ್ಟರೆ ಆ ಫ್ರಿಜ್ಜಿನ ಬಾಗಿಲಿನ ಮಾತು ನನ್ನ ನೋಟ್‌ಬುಕ್ಕಿಗೆ.

ಪಾತಿ ದೋಣಿಯವ · ಬುಧವಾರ ಬೆಳಿಗ್ಗೆ 6:30

ತಾಂಡೇಲರು ಚೆಂದ ಮಾತಾಡ್ತಾರೆ. ನಾನು ಸಣ್ಣ ದೋಣಿಯವ, ಹಾಗಾಗಿ ನೇರ ಹೇಳ್ತೇನೆ. ನಮ್ಮ ಅಜ್ಜನ ಕಾಲದಲ್ಲಿ ರಂಪಣಿ ಇತ್ತು. ಊರಿಡೀ ಸೇರಿ ದಡದಿಂದ ಎಳೆಯುವ ಬಲೆ, ಎಳೆದವರಿಗೆಲ್ಲ ಪಾಲು. 1970ರ ದಶಕದಲ್ಲಿ ಪರ್ಸೀನ್ ಬಂತು, ಮೀನು ದಡಕ್ಕೆ ಬರುವ ಮೊದಲೇ ಆಚೆ ಸುತ್ತು ಹಾಕಿದರು, ರಂಪಣಿ ಕೊಟ್ಟಿಗೆ ಸೇರಿತು. ಆಗ ಯಾವ ವಿಜ್ಞಾನಿ ಬಂದು ನಮ್ಮನ್ನು ಕೇಳಿದ? ಈಗ ಮೀನು ಕಡಿಮೆ ಆದ ಮೇಲೆ ಸಂಶೋಧನೆ, ನೀತಿ, ಮಕ್ಕಳಿಗೆ ಪಾಠ! ಲೈಟ್ ಫಿಶಿಂಗ್, ಅಂದರೆ ರಾತ್ರಿ ದೀಪ ಹಾಕಿ ಮೀನು ಸೆಳೆದು ಹಿಡಿಯುವುದು, ಬೇಡ ಅಂತ 2017ರಲ್ಲೇ ಕೇಂದ್ರ ಆದೇಶ ಮಾಡಿತು. ರಾತ್ರಿ ದಡದಲ್ಲಿ ನಿಂತು ನೋಡಿ, ಪಡುವಣದಲ್ಲಿ ಊರು ಕಂಡ ಹಾಗೆ ಕಾಣ್ತದೆ. ಕಾನೂನು ಕಡತದಲ್ಲಿ, ಲೈಟು ಕಡಲಿನಲ್ಲಿ.

ಪರ್ಸೀನ್ ತಾಂಡೇಲ · ಬುಧವಾರ ಮಧ್ಯಾಹ್ನ 1:10

ನಾನು ಲೈಟ್ ಹಾಕುವವನಲ್ಲ. ಹಾಕುವವರಿಂದ ನನಗೂ ನಷ್ಟವೇ. ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕ್ಬೇಡಿ.

ಪಾತಿ ದೋಣಿಯವ · ಬುಧವಾರ ಮಧ್ಯಾಹ್ನ 1:15

ನಿಮ್ಮನ್ನು ಹೇಳಿದ್ದಲ್ಲ ತಾಂಡೇಲರೇ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳುವುದು ಯಾಕೆ?

ನಿರ್ವಾಹಕ · ಬುಧವಾರ ಮಧ್ಯಾಹ್ನ 1:40

ಇಬ್ಬರೂ ದಯವಿಟ್ಟು. ಟೀಚರ್ ಪ್ರಶ್ನೆಗೆ ಬನ್ನಿ.

ನಿವೃತ್ತ ನೌಕರ · ಬುಧವಾರ ಸಂಜೆ 5:00

ಪಾತಿ ದೋಣಿಯವರ ಸಿಟ್ಟಿನಲ್ಲಿ ಹುರುಳಿದೆ. ಆದರೆ "ಆಗ ಯಾರೂ ನೋಡಲಿಲ್ಲ" ಅನ್ನುವುದು ಪೂರ್ತಿ ಸರಿಯಲ್ಲ. ಬೂತಾಯಿ ಮಾಯವಾಗುವುದು ಹೊಸತಲ್ಲ. 1940ರ ದಶಕದಲ್ಲೂ ಹೀಗೇ ಕೈಕೊಟ್ಟಿತ್ತು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮರಿ ಹಿಡಿಯುವ ಬಲೆಗಳ ಮೇಲೆ 1943ರಲ್ಲೇ ಸರ್ಕಾರ ನಿರ್ಬಂಧ ಹಾಕಿತ್ತು. ಜಾರಿ ಮಾಡಲಾಗದೆ ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಅಂದರೆ ನಿಮ್ಮ ಹುಡುಗ ಕೇಳಿದ ಪ್ರಶ್ನೆಗೆ 80 ವರ್ಷ ದಾಟಿದೆ ಟೀಚರ್.

ಇತ್ತೀಚಿನ ಲೆಕ್ಕ ನೋಡಿ. ಕೇರಳದಲ್ಲಿ 2012ರಲ್ಲಿ ಹತ್ತಿರ ಹತ್ತಿರ 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ 3,297 ಟನ್. ಬರೆದದ್ದು ತಪ್ಪಿಲ್ಲ, ನೂರರಲ್ಲಿ ಒಂದು ಪಾಲಿಗೂ ಕಡಿಮೆ. ಆ ಮೇಲೆ ಮತ್ತೆ ಚೇತರಿಸಿಕೊಂಡಿತು. ಹಿಡಿದದ್ದು ಹೆಚ್ಚಾಯಿತೋ, ಕಡಲು ಬಿಸಿಯಾಯಿತೋ, ಮಳೆ ಕೈಕೊಟ್ಟಿತೋ, ಒಂದನ್ನೇ ಬೊಟ್ಟು ಮಾಡಿ ತೋರಿಸಲು ಆಗದು. ಬೂತಾಯಿ ಅಲ್ಪಾಯುಷಿ, ಎರಡು ಮೂರು ವರ್ಷದ ಜೀವ. ಒಂದು ಮಳೆಗಾಲ ಮೊಟ್ಟೆ ಉಳಿಯದಿದ್ದರೆ ಮರುವರ್ಷವೇ ಬಲೆಯಲ್ಲಿ ಗೊತ್ತಾಗುತ್ತದೆ.

ಈ ಅಂಕಿ ಎಲ್ಲಿಂದ ಬರುತ್ತದೆ ಅಂತ ಮಕ್ಕಳಿಗೆ ಹೇಳಿ, ಅದೇ ಒಳ್ಳೆಯ ಗಣಿತ ಪಾಠ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 1947ರಲ್ಲಿ ಹುಟ್ಟಿದ್ದು. ಅದರ ಗಣತಿದಾರರು ದೇಶದ ಕರಾವಳಿಯ ಎಲ್ಲ ಬೋಟನ್ನೂ ಎಣಿಸಲು ಸಾಧ್ಯವೇ? ಇಲ್ಲ. ಚೀಟಿ ಎತ್ತಿದ ಹಾಗೆ ದಕ್ಕೆ (ಬೋಟಿನಿಂದ ಮೀನು ಇಳಿಸುವ ಜಾಗ) ಆರಿಸುತ್ತಾರೆ, ದಿನ ಆರಿಸುತ್ತಾರೆ, ಅವತ್ತು ಬಂದ ಬೋಟುಗಳಲ್ಲಿ ಕೆಲವನ್ನು ಆರಿಸುತ್ತಾರೆ. ಅದನ್ನು ಎಣಿಸಿ, ತೂಗಿ, ಇಡೀ ರಾಜ್ಯಕ್ಕೆ ಗುಣಿಸುತ್ತಾರೆ. ಅನ್ನ ಬೆಂದಿದೆಯಾ ಅಂತ ಒಂದಗುಳು ಹಿಸುಕಿ ನೋಡಿದ ಹಾಗೆ. ಆದರೆ ಅಗುಳು ಆರಿಸುವಾಗ ಕಣ್ಣು ಮುಚ್ಚಿರಬೇಕು, ಅಷ್ಟೇ.

ಕಾರವಾರದವಳು · ಬುಧವಾರ ರಾತ್ರಿ 8:45

ನಮ್ಮ ಕಡೆ ಬೂತಾಯಿಗೆ ತಾರ್ಲೆ ಅನ್ನುತ್ತೇವೆ. ನನ್ನ ಅಮ್ಮ 35 ವರ್ಷ ಪೇಟೆಯಲ್ಲಿ ಮೀನು ಮಾರಿದವಳು. ಓದು ಬರುವುದಿಲ್ಲ. ಅವಳ ಪಾಲು ಲೆಕ್ಕದಲ್ಲಿ ಒಂದು ಪಾಲಿಗೆ (ಮಾರಲು ಇಡುವ ಒಂದು ಗುಡ್ಡೆಗೆ) ಒಳ್ಳೆ ವರ್ಷ 12 ತಾರ್ಲೆ, ಕೆಟ್ಟ ವರ್ಷ ಮೀನು ಸಣ್ಣದಾಗಿ 20 ಇಟ್ಟರೂ ಬುಟ್ಟಿ ತುಂಬಿದ ಹಾಗೆ ಕಾಣುವುದಿಲ್ಲ. ಯಾವ ವರ್ಷ ಎಷ್ಟು ಅಂತ ಮದುವೆ, ಬಾಣಂತನ, ನೆರೆಯ ಲೆಕ್ಕದಲ್ಲಿ ಈಗಲೂ ಹೇಳುತ್ತಾಳೆ. "ನಿನ್ನ ಹೆರಿಗೆ ವರ್ಷ ಎಂಟಕ್ಕೆ ಒಂದು ಪಾಲು" ಅಂತ ನನಗೆ ಹೇಳಿದ್ದಾಳೆ.

ಮೀನುಗಾರರು ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ಬೋಟಿನ ಗಂಡಸರು. ದಡಕ್ಕೆ ಬಂದ ಪ್ರತಿ ಮೀನನ್ನೂ ಕೈಯಲ್ಲಿ ಮುಟ್ಟುವವರು ಹೆಂಗಸರು. ಅಳತೆ ಬೇಕಾದರೆ ಅವರನ್ನು ಕೇಳಿ. ಟೀಚರ್, ನಿಮ್ಮ ಮಕ್ಕಳನ್ನು ದಕ್ಕೆಗೆ ಕರೆದುಕೊಂಡು ಹೋದರೆ ಮೀನು ಮಾರ್ಕೆಟಿಗೂ ಕರೆದುಕೊಂಡು ಹೋಗಿ.

ಬರ್ಗೆನ್ ಭಟ್ಟರು · ಗುರುವಾರ ಬೆಳಗಿನ ಜಾವ 2:15

ನಾನು ಕುಮಟಾ ಕಡೆಯವ, ನಾರ್ವೆಯ ಬರ್ಗೆನ್‌ನಲ್ಲಿ ಹಡಗಿನ ಸಾಫ್ಟ್‌ವೇರ್ ಕೆಲಸ. ತಾಂಡೇಲರು ಹೇಳಿದ "ಬಂದರು, ಅಳೆದರು, ಹೋದರು" ಕಥೆಗೆ ಇಲ್ಲಿಯವರು ಕಂಡುಕೊಂಡ ಒಂದು ದಾರಿ ಹೇಳುತ್ತೇನೆ. ಇಲ್ಲಿನ ಸಾಗರ ಸಂಶೋಧನಾ ಸಂಸ್ಥೆ 2000ದಿಂದ ಕೆಲವು ಮೀನುಗಾರಿಕಾ ಬೋಟುಗಳ ಜೊತೆ ಕರಾರು ಮಾಡಿಕೊಂಡಿದೆ. ಬೋಟಿನವರೇ ಮೀನು ಅಳೆಯುತ್ತಾರೆ, ಕಿವಿಕಲ್ಲು ತೆಗೆದು ಲಕೋಟೆಗೆ ಹಾಕುತ್ತಾರೆ, ಆ ಕೆಲಸಕ್ಕೆ ಅವರಿಗೆ ಹಣ ಸಲ್ಲುತ್ತದೆ. ಹೀಗಾಗಿ "ನಿಮ್ಮ ಲೆಕ್ಕ ಸುಳ್ಳು" ಅಂತ ಜಗಳ ಆಡುವುದು ಸ್ವಲ್ಪ ಕಷ್ಟ, ಲೆಕ್ಕ ಬರೆದವರು ಅವರದೇ ಅಣ್ಣತಮ್ಮಂದಿರು.

ಇವರೇನು ಹುಟ್ಟಾ ಜಾಣರಲ್ಲ. 1960ರ ದಶಕದ ಕೊನೆಗೆ ಹೆರಿಂಗ್ ಮೀನನ್ನು ಬಳಿದು ಹಾಕಿದರು. ಅದು ಬೂತಾಯಿಯ ದಾಯಾದಿ ಅಂದುಕೊಳ್ಳಿ. ಮತ್ತೆ ಚೇತರಿಸಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಹಿಡಿದ ಮೀನನ್ನು ಕಡಲಿಗೆ ಎಸೆಯಬಾರದು ಅಂತ ಕಾನೂನು ತಂದದ್ದು 1987ರಲ್ಲಿ. ಪೆಟ್ಟು ತಿಂದೇ ಕಲಿತದ್ದು.

ಹಾಗಂತ ಇದನ್ನು ಹಾಗೇ ಮಲ್ಪೆಗೆ ಹೊತ್ತುಕೊಂಡು ಹೋಗಿ ಅನ್ನುವುದಿಲ್ಲ. ಇಲ್ಲಿ ಒಂದು ಬಲೆಗೆ ಒಂದೆರಡು ಜಾತಿ. ನಮ್ಮಲ್ಲಿ ಒಂದು ಟ್ರಾಲ್ ಬಲೆ (ಬೋಟಿನ ಹಿಂದೆ ಎಳೆಯುವ ಚೀಲದಂಥ ಬಲೆ) ಸುರಿದರೆ ಮದ್ಮಲ್, ಪಾಂಬೋಲ್, ಬೊಂಡಾಸ್, ನಂಗು, ಹೆಸರಿಲ್ಲದ ಹತ್ತು. ಜೊತೆಗೆ ಇಲ್ಲಿಯ ಒಂದು ಬೋಟಿನ ಬಂಡವಾಳದಲ್ಲಿ ನಮ್ಮಲ್ಲಿ ಒಂದು ಊರು ಬದುಕುತ್ತದೆ.

ಪರ್ಸೀನ್ ತಾಂಡೇಲ · ಗುರುವಾರ ರಾತ್ರಿ 9:20

ಭಟ್ಟರೇ, ಅಳತೆಗೆ ದುಡ್ಡು ಕೊಡ್ತಾರಾ? ನಮಗೆ ದುಡ್ಡು ಬೇಡ. ಅಳೆದದ್ದು ಎಂತ ಆಯ್ತು ಅಂತ ಒಂದು ಕಾಗದ ಕನ್ನಡದಲ್ಲಿ ಕೊಟ್ಟರೆ ಸಾಕು. ಕಿವಿಕಲ್ಲು ಅಂದರೆ ಎಂತ? ಕೊಡ್ಡಾಯಿ ತಲೆ ತಿನ್ನುವಾಗ ಹಲ್ಲಿಗೆ ಸಿಗುವ ಬಿಳಿ ಕಲ್ಲಾ?

ಪ್ಲಾಂಕ್ಟನ್ ಹುಡುಗಿ · ಗುರುವಾರ ರಾತ್ರಿ 9:35

ಅದೇ ಅಣ್ಣ! ಟೀಚರ್, ಇದನ್ನು ಮಕ್ಕಳಿಗೆ ತೋರಿಸಲೇಬೇಕು. ಕೊಡ್ಡಾಯಿಯ ತಲೆ ಸೀಳಿದರೆ ಎರಡು ಬದಿಗೆ ಎರಡು ಕಲ್ಲು, ಹುಣಿಸೆ ಬೀಜ ಚಿಕ್ಕದಾಗಿದ್ದರೆ ಹೇಗೋ ಹಾಗೆ, ಬೆಳ್ಳಗೆ. ಮೀನು ನೀರಿನಲ್ಲಿ ನೆಟ್ಟಗೆ ಈಜಲು, ಸದ್ದು ತಿಳಿಯಲು ಅದು ಬೇಕು. ಮರದ ಕಾಂಡದ ಹಾಗೆ ಪದರ ಪದರವಾಗಿ ಬೆಳೆಯುತ್ತದೆ. ತಣ್ಣನೆ ದೇಶದ ಮೀನಿನಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟ, ಭಟ್ಟರ ಊರಿನಲ್ಲಿ ಅದನ್ನೇ ಎಣಿಸುವುದು. ನಮ್ಮ ಬೆಚ್ಚಗಿನ ಕಡಲಿನಲ್ಲಿ ವರ್ಷದ ಗೆರೆ ಅಷ್ಟು ಚೊಕ್ಕ ಮೂಡುವುದಿಲ್ಲ. ಮರಿಗಳಲ್ಲಿ ದಿನಕ್ಕೊಂದು ಗೆರೆ ಎಣಿಸಬಹುದು, ಆದರೆ ಅದಕ್ಕೆ ಉಜ್ಜಿ ತೆಳ್ಳಗೆ ಮಾಡಿ ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಒಂದು ಕಲ್ಲು ಉಜ್ಜುವಾಗ ಪುಡಿಯಾದರೆ ಅವತ್ತಿನ ಮಧ್ಯಾಹ್ನ ಹೋಯಿತು ಅಂತ ಅರ್ಥ. ನನ್ನ ಅರ್ಧ ಪಿಎಚ್‌ಡಿ ಹಾಗೇ ಪುಡಿಯಾಗಿದೆ.

ಇನ್ನೊಂದು ಸುಲಭದ್ದು. ಸ್ಟೀಲಿನ ಊಟದ ತಟ್ಟೆಗೆ ಬಿಳಿ ಬಣ್ಣ ಬಳಿದು, ನಡುವೆ ತೂತು ಮಾಡಿ, ಹಗ್ಗ ಕಟ್ಟಿ, ಹಗ್ಗಕ್ಕೆ ಅರ್ಧ ಮೀಟರಿಗೊಂದು ಗಂಟು ಹಾಕಿ. ನೀರಿಗೆ ಇಳಿಸಿದಾಗ ಎಷ್ಟನೇ ಗಂಟಿಗೆ ತಟ್ಟೆ ಕಾಣದಾಗುತ್ತದೋ ಬರೆದಿಡಿ. ಸಮುದ್ರ ವಿಜ್ಞಾನಿಗಳು 1865ರಿಂದ ಇದನ್ನೇ ಬಳಸುತ್ತಿದ್ದಾರೆ. ಮಕ್ಕಳು ದೋಣಿ ಹತ್ತುವುದು ಬೇಡ, ಜೆಟ್ಟಿಯಿಂದ ಸಾಕು.

ಕಡಲಕರೆ ಟೀಚರ್ · ಗುರುವಾರ ರಾತ್ರಿ 10:50

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ, ಕ್ಷಮಿಸಿ, ಪೇಪರ್ ತಿದ್ದುವ ಕೆಲಸ ಇತ್ತು.

ಹುಡುಗನಿಗೆ ಇವತ್ತು ಹೇಳಿದೆ. ಹೌದು, ಅದು ಮರಿ. ಅಪ್ಪ ಬಲೆ ಬಿಡುವಾಗ ಅದು ಮರಿ ಅಂತ ಅಪ್ಪನಿಗೆ ಕಾಣುವುದಿಲ್ಲ. 1943ರಲ್ಲೂ ಹೀಗೇ ಆಗಿತ್ತು. ಇದು ಒಬ್ಬ ಅಪ್ಪ ನಿಲ್ಲಿಸಿದರೆ ನಿಲ್ಲುವುದಲ್ಲ, ಕೊಳ್ಳುವವನೂ ನಿಲ್ಲಿಸಬೇಕು, ಫಿಶ್‌ಮೀಲ್‌ನವರೂ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ನೀವು ಯಾಕೆ ತಗೊಂಡದ್ದು ಟೀಚರ್?" ಅಂದ.

ನೀತಿಯ ಬಗ್ಗೆ ನನಗನ್ನಿಸಿದ್ದು. ಎರಡು ತಿಂಗಳ ಮಳೆಗಾಲದ ನಿಷೇಧ, ಬಲೆಯ ಕಣ್ಣಿನ ಅಳತೆ, ಲೈಟು ಬೇಡ ಅನ್ನುವುದು, ಎಲ್ಲವೂ ಆದೇಶವಾಗಿ ಬರುತ್ತದೆ, ಕಾರಣ ಮಾತ್ರ ಜೊತೆಗೆ ಬರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಟ್ಟಿ ಹಾಕುತ್ತಾರೆ ಅಂತ ನನ್ನ ಎಲ್ಲ ಮಕ್ಕಳಿಗೂ ಗೊತ್ತು. ಯಾಕೆ ಅಂದರೆ "ಗಾಳಿ ಅಲ್ವಾ ಟೀಚರ್" ಅನ್ನುತ್ತಾರೆ. ಮೊಟ್ಟೆ ಇಡುವ ಕಾಲ ಅಂತ ಹೇಳಿದ್ದು ಮೂವರು.

ನಿವೃತ್ತ ನೌಕರ · ಶುಕ್ರವಾರ ಬೆಳಿಗ್ಗೆ 8:00

ಬಲೆಯ ಕಣ್ಣು ಅಂದಿರಿ, ಅದನ್ನೂ ಮಕ್ಕಳಿಗೆ ಕೈಯಲ್ಲೇ ತೋರಿಸಬಹುದು. ಟ್ರಾಲ್ ಬಲೆಯ ಬಾಲದ ತುಂಡು ತನ್ನಿ. ವಜ್ರಾಕಾರದ ಕಣ್ಣಿನ ಬಲೆಯನ್ನು ಎರಡು ತುದಿ ಹಿಡಿದು ಎಳೆಸಿ, ಕಣ್ಣು ಮುಚ್ಚಿಕೊಳ್ಳುತ್ತದೆ. ನೀರಿನಲ್ಲಿ ಮೀನು ತುಂಬಿ ಭಾರ ಬಿದ್ದಾಗಲೂ ಹಾಗೇ ಮುಚ್ಚಿ ಮರಿ ಒಳಗೇ ಉಳಿಯುತ್ತದೆ. ಅದೇ ಬಲೆಯನ್ನು ಓರೆಯಾಗಿ ತಿರುಗಿಸಿ ಚದರ ಕಣ್ಣು ಬರುವ ಹಾಗೆ ಕಟ್ಟಿದರೆ ಎಳೆದರೂ ಕಣ್ಣು ತೆರೆದೇ ಇರುತ್ತದೆ, ಮರಿ ಹೊರಗೆ ಹೋಗುತ್ತದೆ. ಚದರ ಕಣ್ಣು ಕಟ್ಟಿಸಿ ಅಂತ ನಾನು ಸರ್ವಿಸಿನಲ್ಲಿ ಎಷ್ಟೋ ಸಭೆ ಮಾಡಿದೆ, ಆದೇಶ ಓದಿದೆ. ಬಲೆ ತುಂಡು ತೆಗೆದುಕೊಂಡು ಹೋಗಿ ಎಳೆದು ತೋರಿಸಬೇಕು ಅಂತ ಹೊಳೆದದ್ದು ನಿವೃತ್ತಿಗೆ ಎರಡು ವರ್ಷ ಇರುವಾಗ.

ಪಾತಿ ದೋಣಿಯವ · ಶುಕ್ರವಾರ ಬೆಳಿಗ್ಗೆ 8:40

ಹಳೆ ಬಲೆ ತುಂಡು ನನ್ನ ಹತ್ತಿರ ಉಂಟು. ಟೀಚರ್‌ಗೆ ಬೇಕಾದರೆ ತಲುಪಿಸ್ತೇನೆ. ರಂಪಣಿಯ ತುಂಡೂ ಅಟ್ಟದಲ್ಲಿ ಇರಬೇಕು, ಇಲಿ ಬಿಟ್ಟಿದ್ದರೆ.

ಪ್ಲಾಂಕ್ಟನ್ ಹುಡುಗಿ · ಶುಕ್ರವಾರ ಬೆಳಿಗ್ಗೆ 9:05

ಟೀಚರ್, ನನ್ನ ಹಳೆಯ ಪ್ರಶ್ನೆಗೆ ಉತ್ತರ ಬಂದಿಲ್ಲ. ಮೀನನ್ನು ಎಲ್ಲಿಂದ ಎಲ್ಲಿಗೆ ಅಳೆದದ್ದು? ಮೂತಿಯಿಂದ ಬಾಲದ ತುದಿಯವರೆಗಾ, ಬಾಲದ ಕವಲಿನವರೆಗಾ? ಬೂತಾಯಿಗೆ ಎರಡಕ್ಕೂ ಒಂದೂವರೆ ಸೆಂ.ಮೀ. ಹತ್ತಿರ ವ್ಯತ್ಯಾಸ ಬರುತ್ತದೆ. ಕೇರಳದ 10 ಸೆಂ.ಮೀ. ಇರುವುದು ಬಾಲದ ತುದಿಯವರೆಗಿನ ಲೆಕ್ಕ.

ಕಡಲಕರೆ ಟೀಚರ್ · ಶುಕ್ರವಾರ ಸಂಜೆ 4:50

ಇವತ್ತು ಕ್ಲಾಸಿನಲ್ಲಿ ಕೇಳಿದೆ. ಎಡಗಡೆಯ ಸಾಲಿನವರು ತುದಿಯವರೆಗೆ, ಬಲಗಡೆಯವರು ಕವಲಿನವರೆಗೆ. ಇಬ್ಬರು ಸ್ಕೇಲನ್ನು 0ಯ ಬದಲು 1ರಿಂದ ಇಟ್ಟಿದ್ದರಂತೆ. ಒಬ್ಬ ತಲೆ ಬಿಟ್ಟು ಅಳೆದಿದ್ದಾನೆ, ಯಾಕೆ ಅಂದರೆ "ತಲೆ ತಿನ್ನುವುದಿಲ್ಲ ಅಲ್ವಾ". 83ರ ಲೆಕ್ಕ ಒಂದು ಬಿಟ್ಟು ಉಳಿದದ್ದೆಲ್ಲ ಹೊಳೆಗೆ. ನಾಳೆ ಶನಿವಾರ ಮತ್ತೆ ಅಳೆಯುತ್ತೇವೆ.

ಪರ್ಸೀನ್ ತಾಂಡೇಲ · ಶುಕ್ರವಾರ ರಾತ್ರಿ 9:30

ಟೀಚರ್, ನಾಳೆ ಬೆಳಿಗ್ಗೆ ನಮ್ಮ ಬೋಟು ಬರ್ತದೆ. ಮೀನು ತಗೊಳ್ಳುವುದು ಬೇಡ, ನಾನೇ ಎರಡು ಕಿಲೋ ಕಳಿಸ್ತೇನೆ. ಬಾಲ ಮುರಿಯದ್ದು, ಒಳ್ಳೆ ದೊಡ್ಡ ದೊಡ್ಡದು ಆರಿಸಿ ಇಡ್ತೇನೆ, ಮಕ್ಕಳಿಗೆ ಅಲ್ವಾ.

ಪ್ಲಾಂಕ್ಟನ್ ಹುಡುಗಿ · ಶುಕ್ರವಾರ ರಾತ್ರಿ 9:31

ಅಯ್ಯೋ ಆರಿಸಬೇಡಿ ಅಣ್ಣಾ!! ಕಣ್ಣು ಮುಚ್ಚಿ ಬುಟ್ಟಿಯಿಂದ ತೆಗೆಯಿರಿ.

ಪರ್ಸೀನ್ ತಾಂಡೇಲ · ಶುಕ್ರವಾರ ರಾತ್ರಿ 9:44

ಆಯ್ತು. ಆದರೆ ತಿನ್ಲಿಕ್ಕೆ ಬೇರೆ ಒಂದು ಕಿಲೋ ಕಣ್ಣು ಬಿಟ್ಟು ಆರಿಸ್ತೇನೆ. ಎರಡು ತೊಟ್ಟೆ ಇರ್ತದೆ ಟೀಚರ್, ಗಂಟು ಹಾಕಿದ್ದು ಅಳೀಲಿಕ್ಕೆ.